ಮೂರಕ್ಕೆ ನಿಲ್ಲುವ ಬಂದೂಕು

ಮೈಕ್ ಚಾಚಾ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಹಳೆಯ ಹಾರ್ಮೋನಿಯಂ ಪೆಟ್ಟಿಗೆಯ ಬಿಳಿ ಕೀಲಿಗಳಂತೆ ಹಳದಿಗಟ್ಟಿ ಗಟ್ಟಿಯಾಗಿದ್ದವು. ಕಾದ ಸೋಲ್ಡರಿಂಗ್ ಐರನ್ನಿಗೆ ವರ್ಷಗಟ್ಟಲೆ ತಗುಲಿ ತಗುಲಿ ಅಲ್ಲಿಯ ಚರ್ಮಕ್ಕೆ ಬಿಸಿ ತಣ್ಣಗಿನ ಪರಿವೆಯೇ ಉಳಿದಿರಲಿಲ್ಲ. ಸ್ಟೋವಿನಿಂದ ಇಳಿಸಿದ ಚಹಾದ ಪಾತ್ರೆಯನ್ನು ಬಟ್ಟೆ ಇಲ್ಲದೆ ಆ ಎರಡೇ ಬೆರಳಿನಿಂದ ಹಿಡಿದು ನಮಗೆಲ್ಲ ಸೋಸಿ ಕೊಡುತ್ತಿದ್ದರು. ನಾವು ಹೆಣ್ಣುಮಕ್ಕಳು ಮುಖ ಕಿವುಚಿದರೆ, ಇವು ಸತ್ತ ಬೆರಳು, ನೀವ್ಯಾಕೆ ಹೆದರುತ್ತೀರಿ ಎಂದು ನಗುತ್ತಿದ್ದರು.

ಗೋಕಾಕದ ಪೇಟೆಯಲ್ಲಿ ಒಂದು ಓಣಿಯ ಬಾಯಿಗೆ ಅವರ ಅಂಗಡಿ. ಮುಂದಿನ ಅರ್ಧದಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯ ಮೇಜು. ಹಿಂದಿನ ಅರ್ಧದಲ್ಲಿ ಲೌಡ್ ಸ್ಪೀಕರಿನ ಭೋಂಗಾಗಳು, ಆಂಪ್ಲಿಫಯರ್‌ಗಳು, ಸುರುಳಿ ಸುತ್ತಿದ ವಾಯರು. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ನಾಟಕ ಆಡುವ ತರುಣರೆಲ್ಲ ಮೈಕ್ ಸೆಟ್ ಬೇಕೆಂದರೆ ಅವರ ಕಡೆಗೇ ಬರುತ್ತಿದ್ದರು. ಗಂಡಸರ ಪಾತ್ರಗಳನ್ನು ಆ ಊರಿನವರೇ ಮಾಡುತ್ತಿದ್ದರು. ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಿದ್ದರು. ನಾನು ಹುಕ್ಕೇರಿಯವಳು. ನಮ್ಮ ಅವ್ವ ಪಾತ್ರ ಮಾಡುತ್ತಿದ್ದಳು. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ನಾನು ಬಣ್ಣ ಹಚ್ಚಿದೆ.

ಪಾತ್ರದವಳಾಗಿ ಹತ್ತಾರು ಊರು ತಿರುಗಿದವಳಿಗೆ ಮನುಷ್ಯರನ್ನು ಅಳೆಯಲು ಬೇರೆ ಕೋಲು ಬೇಕಾಗುವುದಿಲ್ಲ. ಯಾರು ನಮಗೆ ಕುರ್ಚಿ ಕೊಡುತ್ತಾರೆ, ಯಾರು ನಿಲ್ಲಿಸಿ ಮಾತಾಡುತ್ತಾರೆ ಎಂಬುದನ್ನು ನೋಡಿದರೆ ಸಾಕು. ಚಾಚಾ ಮಾಡುತ್ತಿದ್ದುದು ಇನ್ನೂ ಸಣ್ಣ ಕೆಲಸ. ಮೈಕಿನ ತಲೆಗೆ ಅವರು ಕೆಂಪು ಬಟ್ಟೆಯ ಟೋಪಿ ಹಾಕುತ್ತಿದ್ದರು. ಊರ ಗಂಡಸರು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡೇ ಅದರ ಮುಂದೆ ಭಾಷಣ ಮಾಡುವವರು. ಕಣಗಲಾದಲ್ಲಿ ನನ್ನ ಮೊದಲನೆಯ ವರ್ಷ, ನಾನು ರಂಗದ ಮೇಲೆ ಬರುವ ಮುಂಚೆ ಚಾಚಾ ಬಗ್ಗಿಕೊಂಡು ಬಂದು ಆ ಟೋಪಿ ಕಿತ್ತು, ಕಿಸೆಯಿಂದ ಒಗೆದು ಮಡಚಿದ ಇನ್ನೊಂದನ್ನು ತೆಗೆದು ಹಾಕಿಹೋದರು. ಹೆಣ್ಣುಮಕ್ಕಳು ಎಷ್ಟು ಜನರಿದ್ದರೂ ಒಬ್ಬೊಬ್ಬರಿಗೆ ಒಂದೊಂದು ಟೋಪಿ. ಅವನ್ನೆಲ್ಲ ಒಗೆದು ಕೊಡುತ್ತಿದ್ದವರು ಅವರ ಹೆಂಡತಿ, ನಮ್ಮೆಲ್ಲರ ಚಾಚಿ.

ಚಾಚಾರದು ಇನ್ನೊಂದು ರೂಢಿ ಇತ್ತು. ನಾಟಕ ಶುರುವಾದ ಮೇಲೆ ಆಂಪ್ಲಿಫಯರ್ ಹತ್ತಿರ ಕೂರುತ್ತಿರಲಿಲ್ಲ. ಎದ್ದು ಹೋಗಿ ಕಟ್ಟಕಡೆಯಲ್ಲಿ, ಗೋಣಿತಾಟು ಹಾಸಿಕೊಂಡು ಕುಳಿತ ಮುದುಕಿಯರ ಸಾಲಿನ ಹಿಂದೆ ನಿಲ್ಲುತ್ತಿದ್ದರು. ಅಲ್ಲಿ ಕೇಳಿಸದಿದ್ದರೆ ಹಿಂದಿನಿಂದಲೇ ಕೈ ಎತ್ತಿ ನಮಗೆ ಸನ್ನೆ. ಮುಂದೆ ಕೂತ ದೊಡ್ಡವರಿಗೆ ಮೈಕೇ ಬೇಡ, ನಾವು ಇವರ ಸಲುವಾಗಿ ಬಂದವರು ಎನ್ನುವುದು ಅವರ ಮಾತು. ಸಂಜೆ ಅವರು ‘ಹಲೋ, ಹಲೋ’ ಎಂದು ಮೈಕ್ ಪರೀಕ್ಷೆ ಮಾಡಿದರೆ ದೂರದ ಹೊಲದಲ್ಲಿದ್ದವರು ಮನೆಗೆ ಹೊರಡುತ್ತಿದ್ದರು. ಅಂಥ ತುಂಬು ದನಿ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಲ್ಲೋಳಿಯಲ್ಲಿ ಒಂದು ನಾಟಕ ಒಪ್ಪಿಕೊಂಡಿದ್ದೆ. ಕೊನೆಯ ದೃಶ್ಯದಲ್ಲಿ ನಾಯಕಿ ಇನ್ಸ್‌ಪೆಕ್ಟರನ ಕೈಯ ಬಂದೂಕು ಕಿತ್ತುಕೊಂಡು ಖಳನಾಯಕನನ್ನು ಸುಡಬೇಕು. ಅಲ್ಲಿಯವರೆಗೆ ನಾವು ದೀಪಾವಳಿಯ ಕೇಪಿನ ಪಿಸ್ತೂಲಿನಲ್ಲೇ ಕೊಲೆ ಮಾಡಿದವರು. ಅದು ಎಷ್ಟೋ ಸಲ ಸಿಡಿಯದೆ, ಖಳನಾಯಕ ಸುಮ್ಮನೆ ಬಿದ್ದು, ಜನ ನಕ್ಕದ್ದುಂಟು. ಆ ವರ್ಷ ಇನ್ಸ್‌ಪೆಕ್ಟರ್ ಪಾತ್ರದ ತರುಣನ ಭಾವ ದುಬೈಯಿಂದ ಒಂದು ಬ್ಯಾಟರಿ ಬಂದೂಕು ತಂದುಕೊಟ್ಟಿದ್ದ. ಆಟಿಕೆಯೇ, ಆದರೆ ನೋಡಲು ಮಿಲಿಟರಿಯವರ ಕೈಯಲ್ಲಿದ್ದ ಹಾಗೆ ಕಪ್ಪಗೆ, ಉದ್ದಕ್ಕೆ. ಒಳಗೆ ಬಟಾಣಿ ಕಾಳಿನಷ್ಟು ಪ್ಲಾಸ್ಟಿಕ್ ಗುಂಡು ತುಂಬಿ ಬೆರಳಿನಿಂದ ಕುದುರೆ ಎಳೆದರೆ, ಬಿಡುವವರೆಗೂ ಟರ್ರೆಂದು ಉಗುಳುತ್ತಲೇ ಇರುತ್ತಿತ್ತು.

ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ತಾಲೀಮು. ನಾಟಕದ ಮಾಸ್ತರರಿಗೆ ಆ ಬಂದೂಕಿನ ಮೇಲೆ ಮೋಹ ಹುಟ್ಟಿತ್ತು. ಸಿನೇಮಾದಲ್ಲಿ ಹೊಡೆದಂತೆ ಮೇಲಿಂದ ಮೇಲೆ ಹೊಡೆಯಬೇಕು ಎಂದು ತಾವೇ ಹಿಡಿದು ನನಗೆ ತೋರಿಸಿದರು. ಎದುರಿಗೆ ಖಳನಾಯಕನ ಪಾತ್ರದ ಟೇಲರ್ ಎದೆ ಕೊಟ್ಟು ನಿಂತಿದ್ದ. ಮೊದಲ ಎರಡು ಮೂರು ಗುಂಡು ಅವನ ಅಂಗಿಗೆ ತಾಗಿದವು. ಬಂದೂಕು ನಡುಗುತ್ತ ಮೇಲಕ್ಕೆ ಎದ್ದಿತು. ಮಾಸ್ತರರಿಗೆ ಬೆರಳು ತೆಗೆಯುವುದು ತೋಚಲಿಲ್ಲ. ಟೇಲರ್ ಮುಖ ಹಿಡಿದುಕೊಂಡು ಕುಳಿತುಬಿಟ್ಟ. ಕೈ ತೆಗೆದಾಗ ಕಣ್ಣಿನ ಕೆಳಗೆ ಒಂದು ಹನಿ ರಕ್ತ ಕಂಡಿತು. ಇನ್ನೊಂದು ಬೆರಳು ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು.

‘ನನ್ನ ಹೊಟ್ಟಿ ಕಣ್ಣಿನ ಮ್ಯಾಲ ಐತ್ರಿ,’ ಎಂದ ಅವನು. ‘ಸೂಜ್ಯಾಗ ದಾರ ಪೋಣಸಾಂವ ನಾ. ನನಗ ಈ ಪಾತ್ರ ಬ್ಯಾಡ್ರಿ.’

ಖಳನಾಯಕನಿಲ್ಲದೆ ನಾಟಕವಿಲ್ಲ. ಬಂದೂಕು ಬಿಡಲು ತರುಣರು ಒಪ್ಪಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಆಟೋಕ್ಕೆ ಮೈಕ್ ಕಟ್ಟಿ ಸಾರಿಸಿ ಆಗಿತ್ತು. ನಾಟಕ ನಿಂತರೆ ಕಲ್ಲೋಳಿಯ ಕಡೆಯಿಂದ ಮತ್ತೆ ನನಗೆ ಕರೆ ಬರುವುದು ಸಂಶಯ. ಮಾತು ಬೆಳೆದು, ಟೇಲರ್ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದ. ಭೋಂಗಾ ಕಟ್ಟುವ ಜಾಗ ನೋಡಲು ಬಂದಿದ್ದ ಚಾಚಾ ಮುಂದೆ ಬಂದು ಬಂದೂಕನ್ನು ಕೈಗೆ ತೆಗೆದುಕೊಂಡರು. ಒಂದು ಸಲ ಒತ್ತಿದರೆ ಮೂರೇ ಗುಂಡು ಹಾರಿ ತಾನಾಗಿ ನಿಲ್ಲುವಂತೆ ಮಾಡಿಕೊಡುತ್ತೇನೆ, ಆಮೇಲೆ ಕುದುರೆ ಎಷ್ಟು ಹಿಡಿದರೂ ಅದು ಮಿಸುಕುವುದಿಲ್ಲ ಎಂದರು. ಮಾಸ್ತರರು ಹಿಗ್ಗಿದರು. ಆದರೆ ಚಾಚಾರದೊಂದು ಕರಾರಿತ್ತು.

‘ಮನಷ್ಯಾನ ಮ್ಯಾಲ ಗುರಿ ಹಿಡಿಯೂದಾದ್ರ ನಾ ಇದಕ್ಕ ಕೈ ಹಚ್ಚೂದಿಲ್ರಿ ಮಾಸ್ತರ. ಮೂರ ಆದ್ರೂ ಅಷ್ಟ, ಒಂದ ಆದ್ರೂ ಅಷ್ಟ.’

ಹಾಗಾದರೆ ಖಳನಾಯಕ ಸಾಯುವುದು ಹೇಗೆ ಎಂದು ಮಾಸ್ತರರು ಕೇಳಿದರು. ಚಾಚಾ ಸ್ವಲ್ಪ ಯೋಚಿಸಿ, ‘ಅಂವ ಸಾಯೂದ ಬ್ಯಾಡ್ರಿ. ಅಂಜಿ ಕುಂತ್ರ ಸಾಲದೇನು?’ ಎಂದರು.

ಹಾಗೆ ಆ ನಾಟಕದ ಕೊನೆ ಬದಲಾಯಿತು. ಖಳನಾಯಕನ ಹುಟ್ಟುಹಬ್ಬ; ಅವನ ಬಂಗಲೆಯ ಗೋಡೆಗೆ, ಅವನಿಂದ ದೂರ, ಒಂದರ ಪಕ್ಕ ಒಂದು ಮೂರು ಬಲೂನು. ನಾಯಕಿ ಅವನ್ನು ಒಡೆಯುತ್ತಾಳೆ, ಅವನು ಮೊಣಕಾಲೂರಿ ತಪ್ಪು ಒಪ್ಪಿಕೊಳ್ಳುತ್ತಾನೆ. ಟೇಲರ್ ಗೋಡೆಗೂ ತಾನು ನಿಲ್ಲುವ ಜಾಗಕ್ಕೂ ನಡುವಿನ ಅಂತರವನ್ನು ತನ್ನ ಟೇಪಿನಿಂದ ಅಳೆದು ನೋಡಿ, ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದ.

ಬಂದೂಕು ಹಿಡಿಯುವವಳು ನಾನಾದ್ದರಿಂದ ನನ್ನ ಬೆರಳಿನ ಅಳತೆ ಬೇಕು, ಅಂಗಡಿಗೆ ಬಾ ಎಂದಿದ್ದರು ಚಾಚಾ. ಮರುದಿನ ಹುಕ್ಕೇರಿಯಿಂದ ಬಸ್ಸು ಹತ್ತಿ ಹೋದೆ. ಮೇಜಿನ ಮೇಲೆ ಬಂದೂಕು ಎರಡು ಹೋಳಾಗಿ ಬಿಚ್ಚಿಕೊಂಡು ಬಿದ್ದಿತ್ತು: ಒಂದು ಪುಟ್ಟ ಮೋಟಾರು, ಹಲ್ಲಿನ ಚಕ್ರಗಳು, ಒಂದು ಸ್ಪ್ರಿಂಗು. ಚಾಚಾ ಐರನ್ ಕೈಗೆತ್ತಿಕೊಂಡರು. ಅದರ ಮೂತಿ ವಾಯರಿನ ತುದಿಯನ್ನು ಬಿಟ್ಟು ಆಚೆ ಹೋಯಿತು, ಈಚೆ ಬಂತು. ಕೆಳಗಿಟ್ಟು ಮತ್ತೆ ಎತ್ತಿಕೊಂಡರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದರು. ಈಗ ಎರಡೂ ಕೈ ಕೂಡಿ ನಡುಗತೊಡಗಿದವು. ನಾನು ಬೇರೆ ಕಡೆ ನೋಡಿದೆ.

‘ನೋಡಬಾರದ್ದೇನ ಇಲ್ಲವಾ. ನೋಡು,’ ಎಂದರು. ‘ನನ್ನ ಕೈ ಈಗ ನನ್ನ ಮಾತ ಕೇಳವಲ್ದು.’

ವರ್ಷದಿಂದ ಹೀಗೇ ಆಗಿದೆಯಂತೆ. ರಿಪೇರಿಗೆ ಬಂದ ರೇಡಿಯೋಗಳನ್ನು ಸಾಮಾನು ಸಿಗುವುದಿಲ್ಲ ಎಂದು ಹೇಳಿ ತಿರುಗಿಸಿ ಕಳಿಸುತ್ತಿದ್ದರಂತೆ. ಮೈಕ್ ಸೆಟ್ಟಿನ ಕೆಲಸ ಮಾತ್ರ ಹೇಗೋ ನಡೆಸಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಗ ನನಗೆ ಒಂದು ಮಾತು ತಟ್ಟನೆ ನೆನಪಾಯಿತು. ಮೂಡಲಗಿ ಕಡೆಯ ಒಂದು ಹಳ್ಳಿಯವರು ಆ ಸಲ ಬೇರೆಯವರ ಮೈಕ್ ತರಿಸಿದ್ದರು. ಯಾಕೆಂದು ಕೇಳಿದರೆ, ಚಾಚಾ ಈಚೆಗೆ ಕುಡಿಯುತ್ತಾರೆ, ಕೈಯಲ್ಲಿ ಲೋಟ ನಿಲ್ಲುವುದಿಲ್ಲ ಎಂದಿದ್ದರು. ನಾನು ಅದನ್ನು ನಂಬಿರಲಿಲ್ಲ, ಚಾಚಾರನ್ನು ಕೇಳಿರಲೂ ಇಲ್ಲ. ಈಗ ಕೇಳಿದೆ. ಐದು ಹೊತ್ತು ನಮಾಜು ಮಾಡುವ ನಿಮಗೆ ಅಂಥ ಮಾತು ಅಂದವರಿಗೆ ನಿಜ ಹೇಳಬಾರದೇ ಎಂದೆ.

ಅವರು ಐರನ್ನನ್ನು ಅದರ ಗೂಡಿಗೆ ಇಡಲು ಹೋಗಿ, ಎರಡನೆಯ ಸಲಕ್ಕೆ ಇಟ್ಟರು.

‘ಕುಡೀತಾನ ಅಂದ್ರ, ಇವತ್ತಿಲ್ಲ ನಾಳೆ ಬಿಟ್ಟಾನು ಅಂತಾರ ಬೇಟಿ. ರೋಗ ಅಂದ್ರ ಕರಂಟಿನ ಕೆಲಸಕ್ಕ ಯಾರೂ ಕರಿಯೂದಿಲ್ಲ.’

ಎಷ್ಟೋ ನಾಟಕಗಳಲ್ಲಿ ಎಷ್ಟೋ ತಂದೆಯರ ಮುಂದೆ ನಿಂತು ಅತ್ತವಳು ನಾನು. ಅಂದು ಮಾತ್ರ ಮೇಜಿನ ಮೇಲೆ ಚೆದುರಿದ್ದ ಸ್ಕ್ರೂಗಳನ್ನು ಬಟ್ಟಲಿಗೆ ತುಂಬತೊಡಗಿದೆ.

ಚಾಚಾ ಅದನ್ನು ನೋಡಿ, ನೀನು ಬಣ್ಣದ ಪೆಟ್ಟಿಗೆ ಮುಂದೆ ಕಣ್ಣಿಗೆ ಕಾಡಿಗೆ ಎಳೆದುಕೊಳ್ಳುವುದನ್ನು ನೋಡಿದ್ದೇನೆ, ನಿನ್ನ ಕೈ ಕೂದಲೆಳೆಯಷ್ಟೂ ಅಲುಗುವುದಿಲ್ಲ ಎಂದರು. ಹಾಗೆಂದು ಐರನ್ನಿನ ಹಿಡಿಯನ್ನು ನನ್ನ ಕಡೆ ತಿರುಗಿಸಿದರು.

ಮೊದಲು ನನ್ನಿಂದ ಮಾಡಿಸಿದ್ದು ಹೊತ್ತು ಅಳೆದು ನಿಲ್ಲಿಸುವ ಸರ್ಕ್ಯೂಟು. ಕುದುರೆ ಎಳೆದ ಕೂಡಲೇ ಮೋಟಾರು ಕಣ್ಣು ಮಿಟುಕಿಸುವಷ್ಟು ಕಾಲ ತಿರುಗಿ ನಿಲ್ಲಬೇಕು. ನನ್ನ ಬೆಸುಗೆಗಳು ಹಪ್ಪಳದಂತೆ ಉಬ್ಬಿದವು, ಒಂದು ಟ್ರಾನ್ಸಿಸ್ಟರ್ ಸುಟ್ಟಿತು, ಅವರು ಬಯ್ಯಲಿಲ್ಲ. ಕೊನೆಗೆ ಕೆಲಸ ಮಾಡಿತು, ಆದರೆ ಹೊಸ ಸೆಲ್ ಹಾಕಿದರೆ ನಾಲ್ಕು ಗುಂಡು ಹಾರುತ್ತಿತ್ತು, ಸೆಲ್ ಬಳಲಿದರೆ ಎರಡೇ. ಚಾಚಾ ಬಹಳ ಹೊತ್ತು ಆ ಚಕ್ರಗಳನ್ನೇ ನೋಡಿದರು. ಆಮೇಲೆ, ಎಷ್ಟು ಹೊತ್ತಾಯಿತು ಎಂಬುದನ್ನು ಬಿಡು, ಎಷ್ಟು ಹೋದವು ಎಂದು ಎಣಿಸಲು ಇದಕ್ಕೆ ಕಲಿಸೋಣ ಎಂದರು.

ಒಂದೊಂದು ಗುಂಡಿಗೂ ಒಳಗಿನ ಒಂದು ಚಕ್ರ ಒಂದು ಸುತ್ತು ತಿರುಗುತ್ತಿತ್ತು. ಅದರ ಬಗಲಿಗೆ ಟೇಪ್‌ರೆಕಾರ್ಡರಿನಿಂದ ತೆಗೆದ ಒಂದು ತೆಳು ತಗಡಿನ ಸ್ವಿಚ್ಚು ಕೂರಿಸಿದೆವು. ಚಕ್ರ ಸುತ್ತಿದಾಗಲೆಲ್ಲ ಸ್ವಿಚ್ಚಿನ ನಾಲಿಗೆ ಒಮ್ಮೆ ತಾಗಬೇಕು. ಆ ತಾಗಿದ್ದನ್ನು ಒಂದು ಐಸಿ, ಎಂದರೆ ಪುಟ್ಟ ಚಿಪ್, ಎಣಿಸಬೇಕು. ಮೂರಾದೊಡನೆ ಮೋಟಾರಿನ ಕರಂಟು ಕಡಿಯಬೇಕು. ಕುದುರೆ ಪೂರ್ತಿ ಬಿಟ್ಟ ಮೇಲೆಯೇ ಎಣಿಕೆ ಮತ್ತೆ ಮೊದಲಿನಿಂದ. ಐಸಿ ಬೆಳಗಾವಿಯಿಂದ ಬರಬೇಕಾಯಿತು. ಅದರ ಕಾಲುಗಳು ಇರುವೆಯ ಕಾಲಿನಂತೆ. ಅವರು ಬಾಯಲ್ಲಿ ಹೇಳುವುದು, ನಾನು ಕೈಯಲ್ಲಿ ಮಾಡುವುದು. ನಾನು ಉಸಿರು ಬಿಗಿಹಿಡಿದುದನ್ನು ಕಂಡು, ಉಸಿರಾಡಿಕೊಂಡೇ ಮಾಡು ಎನ್ನುತ್ತಿದ್ದರು. ಮುಗಿದ ಮೇಲೆ ರಟ್ಟಿನ ಡಬ್ಬಿಗೆ ಗುರಿ ಹಿಡಿದು ಕುದುರೆ ಎಳೆದೆ. ಟಕ್, ಟಕ್, ಟಕ್. ನಾನು ಬೆರಳು ಬಿಡಲಿಲ್ಲ. ಬಂದೂಕು ಸುಮ್ಮನಿತ್ತು. ಹಳೆಯ ಸೆಲ್ ಹಾಕಿದೆವು, ಹೊಸ ಸೆಲ್ ಹಾಕಿದೆವು. ಮೂರು ಹಾರಿ ನಿಂತಿತು. ಚಾಚಾ ಮಗುವಿನಂತೆ ನಕ್ಕರು. ಆ ನಗುವಿನಲ್ಲಿ ಅವರ ಕೈ ಇನ್ನಷ್ಟು ನಡುಗಿ, ಮೇಜಿನ ಮೇಲಿದ್ದ ಸ್ಕ್ರೂಗಳ ಬಟ್ಟಲು ಗಿಲಿಗಿಲಿ ಎಂದಿತು.

ಕಲ್ಲೋಳಿಯ ನಾಟಕ ಚೆನ್ನಾಗಿಯೇ ಆಯಿತು. ಮೂರು ಬಲೂನೂ ಒಡೆದವು, ಟೇಲರ್ ನಿಜವಾಗಿಯೇ ಅಂಜಿದವನಂತೆ ಕುಸಿದು ಕುಳಿತ, ಜನ ಶಿಳ್ಳೆ ಹೊಡೆದರು. ಆಟಿಕೆಯಾದರೂ ಬಂದೂಕನ್ನು ಯಾರ ಕೈಗೂ ಬಿಡದೆ ಸೆಲ್ ತೆಗೆದು ಪೆಟ್ಟಿಗೆಗೆ ಹಾಕಿದ ಮೇಲೆಯೇ ಚಾಚಾ ಬೇರೆ ಕೆಲಸಕ್ಕೆ ಕೈ ಹಾಕಿದ್ದು.

ಮಳೆಗಾಲಕ್ಕೆ ನಮಗೆ ನಾಟಕವಿರುವುದಿಲ್ಲ. ಆ ತಿಂಗಳುಗಳಲ್ಲಿ ಅಂಗಡಿಗೆ ಬಾ, ನನ್ನ ಕೈಯಾಗಿ ಕೆಲಸ ಮಾಡು, ನಿನಗೂ ಒಂದು ದಾರಿಯಾಗುತ್ತದೆ ಎಂದರು ಚಾಚಾ. ಹೋಗತೊಡಗಿದೆ. ನಾಟಕದವಳು ಅಂಗಡಿಯಲ್ಲಿ ಕೂತಿದ್ದಾಳೆಂದು ಸುಮ್ಮನೆ ನೋಡಲು ಬಂದು ನಿಲ್ಲುವವರಿದ್ದರು. ಚಾಚಾ ಅಂಥವರನ್ನು ಬಹಳ ಮರ್ಯಾದೆಯಿಂದ ಒಳಗೆ ಕರೆದು, ಕೈಗೆ ಒಂದು ಭಾರದ ಭೋಂಗಾ ಕೊಟ್ಟು, ಒಂದಿಷ್ಟು ಹಿಡಕೊಂಡಿರಿ ಎಂದು ತಮ್ಮ ಪಾಡಿಗೆ ಬೇರೆ ಕೆಲಸದಲ್ಲಿ ತೊಡಗುತ್ತಿದ್ದರು. ಎರಡನೆಯ ಸಲ ಯಾರೂ ಬರುತ್ತಿರಲಿಲ್ಲ.

ಆದರೆ ಅವರ ಮಗನ ಸಿಟ್ಟು ಬೇರೆಯದು. ಟೆಂಪೋ ಓಡಿಸುತ್ತಿದ್ದ ಅವನು ತಂದೆ ಕುಡಿಯುತ್ತಾರೆಂಬ ಮಾತನ್ನು ಹತ್ತು ಕಡೆ ಕೇಳಿ ನಂಬಿದ್ದ. ಮನೆಯಲ್ಲಿ ಅವರೊಡನೆ ಮಾತು ಬಿಟ್ಟಿದ್ದ. ಈಗ ಅಂಗಡಿಯಲ್ಲಿ ನಾಟಕದವಳು ಕೂರುತ್ತಾಳೆಂಬ ಸುದ್ದಿಯೂ ಸೇರಿತು. ಒಂದು ದಿನ ಬಂದವನು ತಂದೆಯ ಮುಖ ನೋಡದೆ ನನಗೆ, ನಾಳೆಯಿಂದ ಬರಬೇಡ ಎಂದ. ನಾನು ಐರನ್ ಕೆಳಗಿಟ್ಟೆ. ಅಷ್ಟರಲ್ಲಿ ಚಾಚಾ ಏನೋ ಹೇಳಲು ಎದ್ದು, ಮೇಜಿನ ಮೇಲಿದ್ದ ಮೀಟರಿನ ವಾಯರನ್ನು ಸರಿಸಲು ಕೈ ಚಾಚಿದರು. ಬೆರಳು ವಾಯರನ್ನು ಹಿಡಿಯಲಿಲ್ಲ. ಮತ್ತೆ ಹೋಯಿತು, ಮತ್ತೆ ತಪ್ಪಿತು. ಮಗ ನೋಡುತ್ತ ನಿಂತ. ಮಟಮಟ ಮಧ್ಯಾಹ್ನ, ಅವರ ಹಣೆಯಲ್ಲಿ ಶುಕ್ರವಾರದ ಜುಮ್ಮಾ ನಮಾಜಿಗೆ ಹೋಗಿ ಬಂದ ಗುರುತು ಇನ್ನೂ ಮಾಸಿರಲಿಲ್ಲ. ಮಗ ಹತ್ತಿರ ಬಂದು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ಅದು ಅವನ ಕೈಯೊಳಗೂ ನಡುಗುತ್ತಲೇ ಇತ್ತು.

‘ಅಬ್ಬಾ, ಯಾವಾಗಿಂದ್ರಿ ಇದು?’ ಎಂದು ತಂದೆಯನ್ನು ಕೇಳಿದ. ನಾನು ಎದ್ದು ಹೊರಗೆ ಬಂದು ನಿಂತೆ.

ಮಿರಜಿನ ಆಸ್ಪತ್ರೆಗೆ ಕರೆದೊಯ್ದು ತೋರಿಸಿದರು. ನರದ ಕಾಯಿಲೆ, ಮಾತ್ರೆಯಿಂದ ತಡೆಯಬಹುದು, ಪೂರ್ತಿ ಹೋಗುವುದಿಲ್ಲ ಎಂದರಂತೆ ಡಾಕ್ಟರು. ಮನೆಗೆ ಬಂದು ಚಾಚಿಗೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಊಟದ ತಟ್ಟೆಯಲ್ಲಿ ಸಾರು ಕಡಿಮೆ ಮಾಡಿ ಪಲ್ಯ ಗಟ್ಟಿಯಾಗಿ ಮಾಡುತ್ತ, ಅಂಗಿಯ ಗುಂಡಿ ಕಿತ್ತು ಪ್ರೆಸ್ ಬಟನ್ ಹೊಲಿಯುತ್ತ, ಗೊತ್ತಿಲ್ಲದವರಂತೆ ಇದ್ದುಬಿಟ್ಟಿದ್ದರು. ‘ಅವರ ಮುಚ್ಚಿಡಾಕತ್ತಿದ್ರು. ನಾ ಯಾಕ ತಗದ ತೋರಸ್ಲಿ?’ ಎಂದರು ನನಗೆ.

ಆಮೇಲಿನ ವರ್ಷಗಳಲ್ಲಿ ನನಗೆ ಪಾತ್ರಗಳು ಕಡಿಮೆಯಾಗುತ್ತ ಬಂದವು. ಊರೂರಿಗೆ ಆರ್ಕೆಸ್ಟ್ರಾಗಳು ಬಂದವು, ನನಗೂ ವಯಸ್ಸಾಗುತ್ತಿತ್ತು. ನಮ್ಮ ಅವ್ವನಂತೆ ಮೊಣಕಾಲು ಹಿಡಿದು ಮೂಲೆ ಸೇರಬೇಕಾಗಿದ್ದವಳು ನಾನು. ಸೇರಲಿಲ್ಲ. ಮಿಕ್ಸರ್, ಟಾರ್ಚು, ಮೊಬೈಲ್ ಚಾರ್ಜರ್, ಏನು ಬಂದರೂ ಬಿಚ್ಚಿ ಕೂರುವ ಧೈರ್ಯ ಬಂದಿತ್ತು. ಈಗಲೂ ನನ್ನ ಅನ್ನ ಆ ಮೇಜಿನದೇ. ಊರಲ್ಲಿ ನನ್ನನ್ನು ಜನ ‘ರಿಪೇರಿ ಅಕ್ಕಾರು’ ಎಂದು ಕರೆಯುತ್ತಾರೆ. ಮೊದಲು ಏನೆಂದು ಕರೆಯುತ್ತಿದ್ದರೆಂಬುದು ಹೊಸಬರಿಗೆ ತಿಳಿದಿಲ್ಲ. ಇದನ್ನೆಲ್ಲ ಚಾಚಾರ ಋಣ ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಚಾಚಾರ ಕಾಯಿಲೆ ಕೈಯಿಂದ ಕಾಲಿಗೆ ಇಳಿಯಿತು. ಕೊನೆಗೆ ಗಂಟಲಿಗೆ ಬಂತು. ಹೊಲದವರೆಗೆ ಹೋಗುತ್ತಿದ್ದ ಆ ದನಿ ಹಾಸಿಗೆಯಿಂದ ಬಾಗಿಲವರೆಗೂ ಬಾರದಾಯಿತು. ಅವರು ಕರೆಯುತ್ತಿದ್ದಾರೆಂಬುದು ತುಟಿ ನೋಡಿದರಷ್ಟೇ ತಿಳಿಯುವುದು. ಚಾಚಿ ಅಡಿಗೆಮನೆಯಲ್ಲಿದ್ದಾಗ ಅವರು ನೀರು ಕೇಳಿ ಕೇಳಿ ಸುಮ್ಮನಾದದ್ದು ಒಂದು ದಿನ ನನ್ನ ಕಣ್ಣಿಗೆ ಬಿತ್ತು. ಅಂಗಡಿಗೆ ಹೋಗಿ, ಹಳೆಯ ಟೇಪ್‌ರೆಕಾರ್ಡರಿನಿಂದ ಒಂದು ಸಣ್ಣ ಮೈಕು, ರೇಡಿಯೋದಿಂದ ಒಂದು ಸ್ಪೀಕರು ತೆಗೆದು, ನಡುವೆ ಒಂದು ಪುಟ್ಟ ಆಂಪ್ಲಿಫಯರ್ ಕಟ್ಟಿದೆ. ಮೈಕನ್ನು ಅವರ ದಿಂಬಿಗೆ ಹೊಲಿದು, ವಾಯರನ್ನು ಗೋಡೆಗುಂಟ ಎಳೆದು, ಸ್ಪೀಕರನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟೆ. ಚಾಚಾ ನನ್ನ ಬೆಸುಗೆಗಳನ್ನು ಕಣ್ಣ ಹತ್ತಿರ ತರಿಸಿ ನೋಡಿದರು. ತಲೆ ಅಲ್ಲಾಡಿಸಿದರು, ಅದು ಒಪ್ಪಿಗೆಯೋ ನಡುಕವೋ ತಿಳಿಯಲಿಲ್ಲ.

ಅದರ ನಂತರ ಅಡಿಗೆಮನೆಯಲ್ಲಿ ಅವರ ದನಿ ಇತ್ತು. ನೀರು ಕೇಳುವರು, ಮಗ ಬಂದನೇ ಎಂದು ಕೇಳುವರು. ಏನೂ ಕೇಳದಿದ್ದಾಗ ಅವರ ಉಸಿರು ಕೇಳುತ್ತಿತ್ತು. ಚಾಚಿ ರೊಟ್ಟಿ ಬಡಿಯುತ್ತ, ನಡುವೆ ಕೈ ನಿಲ್ಲಿಸಿ, ಅದನ್ನು ಕೇಳಿ ಮತ್ತೆ ಬಡಿಯುತ್ತಿದ್ದರು.

ಒಂದು ಬೆಳಗ್ಗೆ ಚಾಚಿ ರೊಟ್ಟಿ ಬಡಿಯುತ್ತಿರುವಾಗಲೇ ಆ ಉಸಿರು ನಿಂತಿತು. ನಾನು ಹೋಗುವಷ್ಟರಲ್ಲಿ ಮನೆ ತುಂಬಿತ್ತು. ಗಂಡಸರು ಅವರನ್ನು ಎತ್ತಿಕೊಂಡು ಹೋದರು. ಖಬರಸ್ತಾನಕ್ಕೆ ಹೆಂಗಸರು ಹೋಗುವುದಿಲ್ಲ. ನಾನು ಒಳಗೆ ಚಾಚಿಯ ಬಾಜೂಕ್ಕೆ ಕುಳಿತೆ.

ಆ ಗದ್ದಲದಲ್ಲಿ ಯಾರೂ ಸ್ಪೀಕರಿನ ಕಡೆ ನೋಡಿರಲಿಲ್ಲ. ಜನ ಕರಗಿದ ಮೇಲೆ ಅದು ಕೇಳಿಸತೊಡಗಿತು. ಅದರ ಕೆಂಪು ದೀಪ ಉರಿಯುತ್ತಿತ್ತು, ಸಣ್ಣಗೆ ಜುಂಯ್ ಎನ್ನುತ್ತಿತ್ತು. ದಿಂಬು ಅಲ್ಲಿಯೇ ಇತ್ತು. ಆ ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುವುದು, ಕಿಟಕಿಯ ಪರದೆ ಸರಿಯುವುದು ಎಲ್ಲವೂ ಅಡಿಗೆಮನೆಗೆ ಬರುತ್ತಿತ್ತು. ಮಗ ಸ್ವಿಚ್ಚಿನ ಕಡೆ ಕೈ ಒಯ್ದರೆ ಚಾಚಿ ಬೇಡವೆಂದು ಕೈ ಅಡ್ಡ ಹಿಡಿದರು. ಅವನು ಕೈ ಹಿಂದೆ ತೆಗೆದ.

ಮೂರನೆಯ ದಿನದ ಜಿಯಾರತ್ ಮುಗಿದು, ಬಂದ ನೆಂಟರೆಲ್ಲ ಹೋದ ಮೇಲೆ, ಮಧ್ಯಾಹ್ನ ನಾವಿಬ್ಬರೇ ಉಳಿದೆವು. ಚಾಚಿ ಗೋಡೆಗೆ ಒರಗಿ ಆ ಸದ್ದನ್ನು ಕೇಳುತ್ತ ಬಹಳ ಹೊತ್ತು ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

‘ನೀನ ಮಾಡಿದ್ದ ಐತಿ. ನೀನ ಬಂದ್ ಮಾಡು ಬೇಟಿ,’ ಎಂದರು.

ಎದ್ದು ಹೋಗಿ ಸ್ವಿಚ್ಚು ಆರಿಸಿದೆ.